ಭಾವ ಹೊಡೆದ ಅಣಬೆ

ನಮ್ಮ ಭಾವ ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದವರು. ಕೊನೆಯ ಹತ್ತೊಂಬತ್ತು ವರ್ಷ ಒಂದೇ ರೂಟು, ಹದಿನಾಲ್ಕನೇ ನಂಬರು. ಗಾಲ್ಫ್ ಹುಚ್ಚು ಅಂಟಿದ್ದು ಡಿಪೋದ ಹಿಂದುಗಡೆ ಒಂಬತ್ತು ಕುಳಿಗಳ ಸರ್ಕಾರಿ ಮೈದಾನ ಇದ್ದುದರಿಂದ. ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿದರೆ, ಯೂನಿಫಾರ್ಮಿನಲ್ಲೇ ಹೋಗಿ ಕೋಲು ಹಿಡಿಯುತ್ತಿದ್ದರು. ದೊಡ್ಡ ಮನುಷ್ಯರ ಆಟ ಎಂದು ನಾವು ಗೇಲಿ ಮಾಡಿದರೆ, "ಬಸ್ಸಲ್ಲಿ ಐವತ್ತು ಜನ ಬೆನ್ನ ಹಿಂದೆ ಇರ್ತಾರೆ ಕಣೋ. ಇಲ್ಲಿ ಯಾರೂ ಇರಲ್ಲ" ಎನ್ನುತ್ತಿದ್ದರು.

ಆಟದಲ್ಲಿ ಅವರದು ಅತಿ ಪ್ರಾಮಾಣಿಕತೆ, ಜೊತೆಗಿದ್ದವರಿಗೆ ಸಿಟ್ಟು ಬರುವಷ್ಟು. ಯಾರೂ ನೋಡದ ತಪ್ಪಿಗೂ ತಮಗೆ ತಾವೇ ಒಂದು ಹೊಡೆತ ದಂಡ ಹಾಕಿಕೊಳ್ಳುತ್ತಿದ್ದರು. ನಾನು ವಾಚ್ ರಿಪೇರಿ ಮಾಡುವವನು, ಮೇಲಾಗಿ ಮೈದುನ. ಕಡಿಮೆ ಹೊಡೆತದವನೇ ಗೆಲ್ಲುವ ಆಟ; ಲೆಕ್ಕದ ಚೀಟಿಯಲ್ಲಿ ಆರನ್ನು ಐದು ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ.

ಭಾವ ವರ್ಷಗಟ್ಟಲೆ ಕೂಡಿಟ್ಟ ರಜೆಯನ್ನು ಈ ಸಲ ತೆಗೆದುಕೊಳ್ಳದಿದ್ದರೆ ಹೋಗಿಬಿಡುತ್ತದೆ ಎಂದು ಡಿಪೋ ಮ್ಯಾನೇಜರ್ ಹೇಳಿದರು. ಹಾಗೆ ಹೊರಟಿದ್ದು ನಾವು ಮೂವರು, ಅಕ್ಕ, ಭಾವ, ನಾನು. ಹೊರದೇಶದಲ್ಲಿ ಹತ್ತು ದಿನ, ಆರು ಮೈದಾನ. ಮೊದಲ ಮೂರು ಕಡಲಂಚಿನಲ್ಲಿ, ಉಳಿದ ಮೂರು ಬೆಟ್ಟಗಳ ಮೇಲೆ. ಬಾಡಿಗೆ ಕಾರಿನ ಕೀಲಿಯನ್ನು ಭಾವ ನನ್ನ ಕೈಗೆ ಹಾಕಿ, "ರಜೆಯಲ್ಲೂ ನಾನೇ ಸ್ಟೇರಿಂಗ್ ತಿರುಗಿಸ್ಬೇಕಾ?" ಎಂದರು. ನ್ಯಾಯವಾದ ಮಾತೇ ಅನ್ನಿಸಿತು.

ಕಡಲ ಬದಿಯಲ್ಲಿ ಗಾಳಿಯೋ ಗಾಳಿ. ಚೆಂಡು ಬಲಕ್ಕೆ ಹೊಡೆದರೆ ಎಡಕ್ಕೆ ಹೋಗುತ್ತಿತ್ತು. ಅಕ್ಕ ಜನ್ಮದಲ್ಲಿ ಕೋಲು ಮುಟ್ಟಿದವಳಲ್ಲ. ಆದರೂ ಚೀಲದ ಗಾಡಿ ಎಳೆಯುತ್ತ ಭಾವನ ಪಕ್ಕ ಬಿಡದೆ ನಡೆದಳು. ಪ್ರತಿ ಹೊಡೆತ ಆದ ಮೇಲೂ ಮೆಲ್ಲಗೆ ಹೇಳುತ್ತಿದ್ದಳು, "ಎಡಕ್ಕೆ. ಹಳದಿ ಹೂವಿನ ಪೊದೆ ಇದೆಯಲ್ಲ, ಅದರ ಈಚೆ." ಭಾವ ನೆಟ್ಟಗೆ ಅಲ್ಲಿಗೆ ಹೋಗುತ್ತಿದ್ದರು.

"ಏನಕ್ಕಾ, ಬಸ್ಸನ್ನೂ ನಿನ್ನ ಕೇಳ್ಕೊಂಡೇ ಓಡಿಸ್ತಾರಾ?" ಎಂದು ಛೇಡಿಸಿದೆ. ಯಾವ ಮಾತಿಗೂ ನನಗೆ ತಿರುಗೇಟು ಕೊಡದೆ ಬಿಡದ ಅಕ್ಕ ಅವತ್ತು ಸುಮ್ಮನಿದ್ದಳು. ಬಿಸಿಲಿಗೆ ಸುಸ್ತಾಗಿರಬೇಕು ಅಂದುಕೊಂಡೆ.

ನಾಲ್ಕನೇ ಮೈದಾನ ಬೆಟ್ಟದ ಮೇಲಿನದು. ಆ ದಿನ ಬೆಳಿಗ್ಗೆ ಲಾಡ್ಜಿನ ಮೆಟ್ಟಿಲಲ್ಲಿ ಅಕ್ಕನ ಕಾಲು ಉಳುಕಿತು. ಅವಳು ಕೋಣೆಯಲ್ಲೇ ಉಳಿದಳು, ನಾವಿಬ್ಬರೇ ಹೋದೆವು. ಮಂಜು ಹರಿದು ಬಿಸಿಲು ಚೆನ್ನಾಗಿ ಬಿದ್ದಿತ್ತು, ಕೆಳಗಿನ ಕಣಿವೆಯ ಮನೆಗಳ ಕಿಟಕಿಯನ್ನೂ ಎಣಿಸಬಹುದಿತ್ತು. ಎರಡನೇ ಕುಳಿಯಲ್ಲಿ ಭಾವ ನನ್ನ ಚೆಂಡನ್ನು ತಮ್ಮದೆಂದು ಹೊಡೆದರು. ನಾನು ಹೇಳಿದ ತಕ್ಷಣ "ದಂಡ ಹಾಕು" ಎಂದರು. ನಾಲ್ಕನೇ ಕುಳಿಯಲ್ಲಿ ಇಳಿಜಾರಿನ ಹುಲ್ಲಿನಲ್ಲಿ ಕಾಲು ಅಗಲಿಸಿ ನಿಂತು, ಕುಳಿಯ ಬಾವುಟದ ಕಡೆ ನೋಡಿ, ಸೊಂಟ ತಿರುಗಿಸಿ ಬೀಸಿದರು. ಬಿಳಿ ಚೂರುಗಳು ಹಾರಿ ಅವರ ಅಂಗಿಯ ಮೇಲೆ ಬಿದ್ದವು. ಅವರು ಹೊಡೆದಿದ್ದು ಅಣಬೆಯನ್ನು. ಚೆಂಡು ನಾಲ್ಕು ಹೆಜ್ಜೆ ಆಚೆ ಹಾಗೇ ಕೂತಿತ್ತು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂಗಡಿಯಲ್ಲಿ ಒಂದು ವರ್ಷ ಹೇಳುವ ಕಥೆ ಸಿಕ್ಕಿತಲ್ಲ ಎಂದು ಖುಷಿಯೂ ಆಯಿತು. ಭಾವ ನಗಲಿಲ್ಲ.

"ಚೆಂಡು ಎಲ್ಲಿದೆ?" ಎಂದರು.

"ಅಲ್ಲೇ ಇದೆಯಲ್ಲ ಭಾವ, ಕಣ್ಣೆದುರಿಗೆ."

ಅವರು ಆ ಕಡೆ ನೋಡಿದರು, ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದರು. ಆಮೇಲೆ ಹುಲ್ಲಿನ ಮೇಲೆ ಕೂತುಬಿಟ್ಟರು.

"ನೆಟ್ಟಗೆ ನೋಡಿದ್ದು ಕಾಣಲ್ಲ ಕಣೋ. ಮಧ್ಯದಲ್ಲಿ ಯಾರೋ ಉಜ್ಜಿ ಅಳಿಸಿದ ಹಾಗಿದೆ. ಸುತ್ತಮುತ್ತ ಕಾಣತ್ತೆ. ಎಂಟು ತಿಂಗಳಾಯ್ತು."

"ಅಕ್ಕಂಗೆ ಗೊತ್ತಾ?"

"ಅವಳಿಗೆ ಗೊತ್ತು. ಡಿಪೋದವರಿಗೆ ಗೊತ್ತಿಲ್ಲ."

"ಭಾವ, ನನ್ನ ಮಗಳು ದಿನಾ ನಿಮ್ಮ ಬಸ್ಸಲ್ಲೇ ಕಾಲೇಜಿಗೆ ಹೋಗ್ತಾಳೆ."

"ಗೊತ್ತು. ಹತ್ತುವಾಗ 'ಮಾವ' ಅಂತಾಳಲ್ಲ, ಆ ದನೀಲಿ ಗೊತ್ತಾಗತ್ತೆ."

ದನಿಯಲ್ಲಿ ಗೊತ್ತಾಗುತ್ತದಂತೆ! ಆ ಮನುಷ್ಯನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಚೆಂಡು ಕೂದಲೆಳೆಯಷ್ಟು ಅಲುಗಿದರೆ ದಂಡ ಕಟ್ಟುವವರು, ಎಂಟು ತಿಂಗಳು ಇಡೀ ಊರಿನ ಕಣ್ಣಿಗೆ ಮಣ್ಣೆರಚಿದ್ದರು. ದಿನವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ನನಗೂ ಅದು ಕಂಡಿರಲಿಲ್ಲ. ಚೀಲ ಎತ್ತಿಕೊಂಡು ಅವರನ್ನು ಕಾರಿನಲ್ಲಿ ಕೂರಿಸಿ ಲಾಡ್ಜಿಗೆ ಬಂದೆ.

ಅಕ್ಕ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಳು. ನಮ್ಮ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ನೀನು!" ಎಂದು ಕೂಗಾಡಿದೆ.

"ಸ್ಟೇರಿಂಗ್ ಬಿಟ್ಟರೆ ಇವರು ಏನ್ ಮಾಡ್ತಾರೆ, ಹೇಳು. ಮನೇಲಿ ಕೂತು ಗೋಡೆ ನೋಡ್ತಾರಾ? ರಿಟೈರ್ ಆಗೋಕೆ ಇನ್ನು ಮೂರು ವರ್ಷ ಅಷ್ಟೇ ಅಂತ..." ಅವಳು ಅತ್ತಳು.

ಊರಿಗೆ ಹೋದ ದಿನವೇ ಡಿಪೋಗೆ ನಾನೇ ಹೇಳುತ್ತೇನೆ ಎಂದೆ. ಹೇಳುತ್ತಿದ್ದೆ ಕೂಡ. ಆದರೆ ಭಾವ ಎದ್ದು ಕೆಳಗೆ ಹೋದರು. ರಿಸೆಪ್ಷನ್ನಿನಲ್ಲಿದ್ದ ಫೋನಿಂದ ಮ್ಯಾನೇಜರಿಗೆ ಕರೆ ಮಾಡಿದರು. ಬಸ್ಸಿನ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು. ಮೆಟ್ಟಿಲ ಮೇಲಿದ್ದ ನಮಗೆ ಎಲ್ಲವೂ ಕೇಳಿಸಿತು.

"ಸಾರ್, ಹದಿನಾಲ್ಕನೇ ನಂಬರಿಗೆ ಬೇರೆಯವರನ್ನ ಹಾಕಿ. ಸೋಮವಾರಕ್ಕೆ ಮಾತ್ರ ಅಲ್ಲ ಸಾರ್, ಇನ್ಮೇಲೆ ಪೂರ್ತಿ. ಕಣ್ಣು ಸಾರ್. ಹೌದು. ಮುಂಚೆನೇ ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪು ನಂದೇ."

ಉಳಿದ ಎರಡು ಮೈದಾನವನ್ನೂ ಆಡಿದೆವು. ಅಕ್ಕ ಕುಂಟುತ್ತಲೇ ಬಂದು, ಚೆಂಡು ಎಲ್ಲಿ ಬಿತ್ತೆಂದು ಈಗ ಬಾಯಿ ತುಂಬ ಕೂಗಿ ಹೇಳಿದಳು. ಭಾವ ಎರಡೂ ಕಡೆ ನನ್ನನ್ನು ಸೋಲಿಸಿದರು.

ಊರಿಗೆ ಬಂದ ವಾರದಲ್ಲಿ ಅವರಿಗೆ ಡಿಪೋದ ವಿಚಾರಣೆ ಕೌಂಟರಿನಲ್ಲಿ ಕೆಲಸ ಕೊಟ್ಟರು. ಮೊದಲ ದಿನ ಜೊತೆಗೆ ನಾನೂ ಹೋದೆ. ಅವರೇ ಓಡಿಸುತ್ತಿದ್ದ ಬಸ್ಸು, ಸ್ಟೇರಿಂಗಿನಲ್ಲಿ ಬೇರೆ ಯಾರೋ. ಭಾವ ಡ್ರೈವರ್ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತರು, ಕಿಟಕಿಯ ಆಚೆ ನೋಡಲೇ ಇಲ್ಲ. ನಮ್ಮ ಹುಡುಗಿ ಹತ್ತಿ "ಮಾವ, ಇಲ್ಲಿ ಕೂತಿದ್ದೀರಾ!" ಎಂದು ನಕ್ಕಳು, ಅವರೂ ನಕ್ಕರು. ಡಿಪೋವರೆಗೆ ಹನ್ನೊಂದು ಸ್ಟಾಪುಗಳು. ಒಂದೊಂದು ಸ್ಟಾಪು ಬರುವ ಮೊದಲೂ, ಡ್ರೈವರ್ ಬ್ರೇಕಿಗೆ ಕಾಲಿಡುವ ಮೊದಲೇ, ಭಾವನ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು.