ಕುಣಿಯಲ್ಲಿ ಚಾಚಿಟ್ಟ ಕಾಲು

ಹುನಗುಂದದ ಬಯಲಿನಲ್ಲಿ ಹುತುತು, ಅಂದರೆ ಕಬಡ್ಡಿ, ಆಡುವಾಗ ನನ್ನ ಬಲ ಮೊಣಕಾಲು ತಿರುಚಿ, ಒಳಗಿನ ಕಟ್ಟು ಹರಿದುಹೋಯಿತು. ಎಂಬತ್ತರ ದಶಕದ ಮಾತು. ಮಿರಜದಲ್ಲಿ ಆಪರೇಶನ್ ಮಾಡಿ ಹೊಸ ಕಟ್ಟು ಕೂಡಿಸಿದರು. ಪ್ಲಾಸ್ಟರ್ ಬಿಚ್ಚಿ ಮನೆಗೆ ಕಳಿಸುವಾಗ, ಕಾಲು ಆಡಿಸುತ್ತಿರಬೇಕು, ಆದರೆ ಜೋಪಾನ ಎಂದರು ಡಾಕ್ಟರು. ನಮ್ಮವ್ವ ಆ ಜೋಪಾನವೊಂದನ್ನೇ ಇಳಕಲ್ಲಿಗೆ ಕಟ್ಟಿಕೊಂಡು ಬಂದಳು.

ನಮ್ಮದು ನೇಕಾರರ ಮನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಆಗಷ್ಟೇ ಹಾಕಿದ ಕೊಂಡಿಯನ್ನು ಯಾರಾದರೂ ಜಗ್ಗಿದರೋ, ಅವರ ಗತಿ ಮುಗಿಯಿತು. ಅವ್ವ ನನ್ನ ಮೊಣಕಾಲಿಗೂ ಅದೇ ಕಾಯಿದೆ ಹಾಕಿದಳು.

“ಒಳಗ ಕೊಂಡಿ ಹಾಕ್ಯಾರ. ಜಗ್ಗಬ್ಯಾಡ, ನೆಟ್ಟಗ ಇಡು.”

ಮನೆಯವರೆಲ್ಲ ಹೌದೆಂದರು. ನನಗೂ ಖರೆ ಅನಿಸಿತು. ನೇಕಾರನಿಗೆ ಬೇರೆ ಹೇಗೆ ಅನಿಸೀತು?

ನಮ್ಮ ಮಗ್ಗ ನೆಲದಲ್ಲಿ ತೋಡಿದ ಕುಣಿಯದು. ಅಂಚಿನಲ್ಲಿ ಕೂತು, ಕಾಲು ಕುಣಿಯೊಳಗೆ ಬಿಟ್ಟು ಹಲಗೆ ತುಳಿಯಬೇಕು. ಬೆಳಿಗ್ಗೆ ಅಣ್ಣ ನನ್ನನ್ನು ಎತ್ತಿ ತಂದು ಕೂಡಿಸುತ್ತಿದ್ದ. ಕುಣಿಗೆ ಅಡ್ಡಲಾಗಿ ಒಂದು ಮಣೆ ಇಟ್ಟು, ಅದರ ಮೇಲೆ ಬಲಗಾಲು ಚಾಚಿಸಿ, ತಲೆದಿಂಬು ಕೊಡುತ್ತಿದ್ದಳು ಅವ್ವ. ಎಡಗಾಲೊಂದರಲ್ಲೇ ತುಳಿದು ಲಾಳಿ ಓಡಿಸುತ್ತಿದ್ದೆ. ರೊಟ್ಟಿ ಅಲ್ಲಿಗೇ, ಚಹಾ ಅಲ್ಲಿಗೇ. ನೀರು ಕುಡಿಯಲು ಮಾತ್ರ ಹೆದರಿಕೆ. ಕುಡಿದರೆ ಏಳಬೇಕು, ಏಳಬೇಕೆಂದರೆ ಅಣ್ಣನನ್ನು ಕೂಗಬೇಕು. ಹರೆಯದ ಗಂಡಸು ಕೂಸಿನಂತೆ ಅಣ್ಣನ ಕೊರಳಿಗೆ ಬಿದ್ದು ಹಿತ್ತಲಿಗೆ ಹೋಗುವುದೆಂದರೆ, ಥೂ! ಅರ್ಧ ದೇಹ ಹೂತಿಟ್ಟಂತಾಗಿತ್ತು. ಸಿಟ್ಟು ಬಂದರೂ ಎದ್ದು ಹೋಗುವ ಹಾಗಿರಲಿಲ್ಲ.

ತೊಡೆ ಸೊರಗಿತು. ಮೊಣಕಾಲು ಬಿಗಿದುಕೊಂಡಿತು. ಸ್ವಲ್ಪ ಮಡಚಿದರೆ ಒಳಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತಿತ್ತು. ಕೊಂಡಿ ಕಿತ್ತಿತೆಂದು ಅವ್ವ ಗಾಬರಿಯಾಗಿ ನನ್ನನ್ನು ಬಾಗಲಕೋಟೆ ಬಸ್ಸಿಗೆ ಹತ್ತಿಸಿದಳು. ಚಾಚಿದ ಕಾಲು ದಾರಿಗೆ ಅಡ್ಡ. “ಏನ್ ಮಾವಾರ, ಕಾಲಿಗೂ ಒಂದ್ ಟಿಕೆಟ್ ಹರೀಲೇನ್ರಿ?” ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು, ಅವ್ವ ನಗಲಿಲ್ಲ.

ಬಾಗಲಕೋಟೆಯ ಎಲುಬಿನ ಡಾಕ್ಟರು ಕಾಲು ಹಿಡಿದು ಜಗ್ಗಿ, ಒತ್ತಿ, ಎಕ್ಸ್‌ರೇ ಫೋಟೋ ನೋಡಿದರು.

“ಕಟ್ಟು ಗಟ್ಟಿ ಕೂತೈತ್ರಿ ಯವ್ವಾ. ಕೆಟ್ಟಿದ್ದು ಬ್ಯಾರೆ. ಎಲುಬಿನ ತುದಿಗೆ ಮೆತ್ತನ್ನ ಪದರ ಇರತೈತಿ. ಅದಕ್ಕ ರಕ್ತ ಹೋಗೂದಿಲ್ಲ. ಕಾಲು ಮಡಚಿ ಬಿಚ್ಚಿದ್ರನ ಕೀಲಿನೊಳಗಿನ ನೀರು ಅದಕ್ಕ ಮುಟ್ಟತೈತಿ. ಅದ ಅದರ ಊಟ.”

“ನಾ ಅಲುಗಾಡಿಸ್ಲಾರದಂಗ ಇಟ್ಟಿದ್ನಲ್ರಿ...” ಎಂದಳು ಅವ್ವ.

“ಅಂದ್ರ ಉಪವಾಸ ಇಟ್ಟಿದ್ರಿ.”

ಸವೆದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದರು. ಮೊದಲು ಮಂಚದಂಚಿನಲ್ಲಿ ಕೂತು ಮಡಚಿ ಬಿಚ್ಚುವುದು, ತೊಡೆಗೆ ಬಲ ಬಂದ ಮೇಲೆ ತಾನೇ ಎದ್ದು ಓಡಾಡುವುದು. ನನ್ನನ್ನು ಎತ್ತಿಕೊಂಡು ಓಡಾಡಿಸುವುದನ್ನು ಇಷ್ಟಕ್ಕೇ ನಿಲ್ಲಿಸದಿದ್ದರೆ ಈ ಕಾಲು ಕಟ್ಟಿಗೆಯಾಗುತ್ತದೆ ಎಂದು ಅವ್ವನ ಮುಖ ನೋಡಿಯೇ ಹೇಳಿದರು.

ಮಂಚದ ಮೇಲೆ ಕೂತು ಹಲ್ಲು ಕಚ್ಚಿ ಮಡಚಿದೆ. ವಾರಗಳು ಹೋದವು. ಕಾಲು ಅಷ್ಟಿಷ್ಟು ಮಣಿಯಿತು. ಅಣ್ಣ ಮಗ್ಗಕ್ಕೆ ಎತ್ತಿ ತರುವುದು ಮಾತ್ರ ನಿಂತಿರಲಿಲ್ಲ. ಒಂದು ದಿನ ಕೆಲಸ ಮುಗಿದಾಗ ಅವನು ಎಂದಿನಂತೆ ಬಗ್ಗಿದ.

“ಬಿಡೋ ಅಣ್ಣಾ. ನಾನ ಏಳತೇನಿ.”

ಮಣೆ ಸರಿಸಿದೆ. ಎರಡೂ ಕಾಲು ಕುಣಿಯ ತಳಕ್ಕೆ ಊರಿದೆ. ಅಂಚು ಹಿಡಿದು ಎದ್ದರೆ ಮೊಣಕಾಲು ಕರಕರ ಎಂದಿತು, ಕಣ್ಣಿಗೆ ಕತ್ತಲೆ ಬಂತು. ಅರ್ಧಕ್ಕೆ ಸಿಕ್ಕಿಕೊಂಡೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವ್ವ ಎರಡೂ ಕೈ ಚಾಚಿ ಓಡಿಬಂದಳು.

“ಮುಟ್ಟಬ್ಯಾಡಬೇ!” ಎಂದು ಒದರಿದೆ.

ನಿಂತುಬಿಟ್ಟಳು. ಕೈಗಳನ್ನು ಸೆರಗಿನೊಳಗೆ ಸುತ್ತಿ, ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಬೈಯುತ್ತ, ಬೆವರುತ್ತ, ಹೊಟ್ಟೆಯ ಮೇಲೆ ತೆವಳಿ ಹೇಗೋ ಮೇಲೆ ಬಂದೆ. ಗೋಡೆ ಹಿಡಿದು ನಿಂತೆ.

“ಬಂದೆ ನೋಡಬೇ.”

ತಿರುಗಿದಳು. ಮುಖವೆಲ್ಲ ಕಣ್ಣೀರು. ನನ್ನ ಕಾಲು ನೋಡಿದಳು, ಆಮೇಲೆ ಕುಣಿ ನೋಡಿದಳು.

“ಮತ್ತ ಇಳಿ,” ಎಂದಳು. “ಇಳದು ಮತ್ತ ಹತ್ತು.”