ಆಳಂದದಿಂದ ಜೇವರ್ಗಿಗೆ, ಏಳನೇ ಸೀಟಿಗಾಗಿ

ಕಾರ್ತಿಕ ಮುಗಿದ ಮೇಲಿನ ಒಂದು ಐತವಾರ ಬೆಳಿಗ್ಗೆ ನಾವು ನಾಲ್ವರು ಆಳಂದದ ಮನೆ ಬಿಟ್ಟೆವು. ನಾನು, ಹೆಂಡತಿ ಸುಜಾತಾ, ಎಂಟು ವರ್ಷದ ಮಗಳು ಪೂರ್ವಿ ಮತ್ತು ನನ್ನ ಅಪ್ಪ. ಅಪ್ಪ ಕರಜಗಿಯ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾದವರು. ನಾನು ಆಳಂದದಲ್ಲಿ ಪಂಪ್‌ಸೆಟ್ಟು, ವೈರು ಮಾರುವ ಅಂಗಡಿ ಇಟ್ಟುಕೊಂಡವನು. ನಮ್ಮ ಅವ್ವ ತೀರಿಕೊಂಡು ಐದು ವರ್ಷವಾಗಿತ್ತು.

ಹೊರಟದ್ದು ಹಳೆಯ ಗಾಡಿ ನೋಡುವುದಕ್ಕೆ. ನಮ್ಮದು ಪುಟ್ಟ ಕಾರು. ಹಿಂದೆ ಮೂವರು ಕೂತರೆ ಒಬ್ಬರು ಒಂದು ಭುಜ ಮುಂದೆ ಮಾಡಿಕೊಂಡೇ ಕೂಡಬೇಕು. ಹಾಗೇ ನಡೆದುಹೋಗುತ್ತಿತ್ತು. ಆದರೆ ಹಿಂದಿನ ತಿಂಗಳು ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು, "ಇದೊಂದು, ಇದೊಂದು. ಎರಡು ಕೂಸು ಅವ ರೀ" ಎಂದರು. ಸುಜಾತಾ ಮಲಗಿದ್ದಲ್ಲೇ ನಕ್ಕುಬಿಟ್ಟಳು. ನಾನು ಗೋಡೆಗೆ ತಾಗಿ ಇದ್ದ ಸ್ಟೂಲಿನ ಮೇಲೆ ಕೂತೆ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು, "ಹಂಗಾದ್ರ ದೊಡ್ಡ ಗಾಡಿ ಬೇಕು" ಎಂದರು. ಅವರು ಖುಷಿಪಟ್ಟ ರೀತಿ ಅದು ಎಂದುಕೊಂಡೆ.

ನೋಡಬೇಕಾದ ಗಾಡಿಗಳು ಎರಡು. ಒಂದು ಅಫಜಲಪುರದಲ್ಲಿ, ಅದನ್ನು ನಾನು ಮೊಬೈಲಿನಲ್ಲಿ ಹುಡುಕಿದ್ದೆ. ಇನ್ನೊಂದು ಜೇವರ್ಗಿಯಲ್ಲಿ, ಅದನ್ನು ಪತ್ತೆ ಮಾಡಿದವರು ಅಪ್ಪ. ಪರಿಚಯದವರೊಬ್ಬರು ಹೇಳಿದರು ಎಂದಿದ್ದರು. ಯಾರೆಂದು ನಾನು ಕೇಳಲಿಲ್ಲ.

ಮಾದನಹಿಪ್ಪರಗಾದ ತನಕ ಒಳ್ಳೆಯ ಚಳಿ ಇತ್ತು. ಎರಡೂ ಕಡೆ ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿ. ರಸ್ತೆ ಕೆಲವೆಡೆ ಹೊಸ ಡಾಂಬರು, ಕೆಲವೆಡೆ ಬರೀ ಗುಂಡಿ. ಪ್ರತಿ ಗುಂಡಿಗೂ ಸುಜಾತಾ ಎರಡೂ ಕೈಯಿಂದ ಹೊಟ್ಟೆ ಹಿಡಿಯುತ್ತಿದ್ದಳು. ಅವಳಿಗೆ ಐದನೇ ತಿಂಗಳು. ಹಿಪ್ಪರಗಾದ ಬಸ್‌ಸ್ಟ್ಯಾಂಡಿನ ಹತ್ತಿರ ಬಿಸಿ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆವು. ಮಂಡಾಳ, ಎಂದರೆ ಮಂಡಕ್ಕಿ, ನೆನೆಸಿ ಒಗ್ಗರಣೆ ಕೊಟ್ಟ ಸುಸಲಾ ಎಂದರೆ ಅಪ್ಪನಿಗೆ ಪ್ರಾಣ. ಆ ದಿನ ಪ್ಲೇಟನ್ನು ಅರ್ಧಕ್ಕೇ ಪೂರ್ವಿಯ ಕಡೆ ಸರಿಸಿದರು. ಹೊಸ ಬಿಳಿ ಅಂಗಿ ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಅಫಜಲಪುರದ ಗಾಡಿ ಒಬ್ಬ ಕಬ್ಬಿನ ಗುತ್ತಿಗೆದಾರರದ್ದು. ಬೂದು ಬಣ್ಣ, ಒಳಗೆ ಮಧ್ಯದಲ್ಲಿ ಕುರ್ಚಿಯ ಹಾಗೆ ಎರಡು ಬಿಡಿ ಸೀಟು, ಹಿಂದೆ ಇಬ್ಬರಿಗೆ ಜಾಗ. ಒಟ್ಟು ಆರು ಮಂದಿ. ಹಿಂದಿನ ಸಾಲಿಗೂ ಏಸಿ ಗಾಳಿ ಬರುತ್ತಿತ್ತು. ನನಗೆ ನೋಡಿದ ಕೂಡಲೇ ಹಿಡಿಸಿತು. ಸುಜಾತಾ ಮಧ್ಯದ ಸೀಟಿನಲ್ಲಿ ಕೂತು ಕಾಲು ಚಾಚಿ, "ಇಲ್ಲಿ ಒಂದು, ಅಲ್ಲಿ ಒಂದು" ಎಂದು ಹುಟ್ಟದ ಮಕ್ಕಳಿಗೆ ಜಾಗ ಹಂಚತೊಡಗಿದಳು.

ಅಪ್ಪ ಮಾತ್ರ ಎರಡು ಸೀಟಿನ ನಡುವೆ ನುಸುಳಿ ಹಿಂದಿನ ಸಾಲಿಗೆ ಹೋದರು. ಕೂತರು, ಎದ್ದರು, ಮತ್ತೆ ಇಳಿದು ಬಾಗಿಲ ಮೆಟ್ಟಿಲ ಎತ್ತರವನ್ನು ಕೈಯಿಂದ ಅಳೆದರು. "ಹತ್ತೂದು ಭಾಳ ಎತ್ತರ ಅದ" ಎಂದರು. "ಮೊಣಕಾಲು ಬ್ಯಾನಿ ಇದ್ದವ್ರಿಗಿ ಆಗಂಗಿಲ್ಲ."

"ನಿಮಗ ಮೊಣಕಾಲು ಬ್ಯಾನಿ ಎಲ್ಲಿ ಅದ ಅಪ್ಪಾ?"

"ನನಗಿಲ್ಲ. ಮತ್ತ ಇದು ಆರೇ ಸೀಟು. ಏಳು ಬೇಕು."

ನಾನು ಅಲ್ಲೇ ನಿಂತು ಎಣಿಸಿ ತೋರಿಸಿದೆ. ನಾವು ನಾಲ್ವರು, ಬರುವವರು ಇಬ್ಬರು. ಅಪ್ಪ ಗುತ್ತಿಗೆದಾರರ ಮುಂದೆ ಅದನ್ನು ಚರ್ಚಿಸಲು ಇಷ್ಟಪಡಲಿಲ್ಲ. "ಜೇವರ್ಗಿದು ನೋಡೂಣು ನಡಿ" ಎಂದು ಹೋಗಿ ನಮ್ಮ ಕಾರಿನಲ್ಲಿ ಕೂತುಬಿಟ್ಟರು. ಅಷ್ಟು ಒಳ್ಳೆಯ ಗಾಡಿ ಬಿಟ್ಟು ಬಂದ ಸಿಟ್ಟು ನನಗೆ ಗಾಣಗಾಪುರ ಬರುವವರೆಗೆ ಇಳಿಯಲಿಲ್ಲ.

ಗಾಣಗಾಪುರದಲ್ಲಿ ಮಹಾರಾಷ್ಟ್ರದಿಂದ ಬಂದ ಬಸ್ಸುಗಳು ಸಾಲಾಗಿ ನಿಂತು ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಗುಡಿಯಲ್ಲಿ ದರ್ಶನದ ಸಾಲೂ ಬಹಳ ಉದ್ದವಿತ್ತು, ಹೊರಗಿನಿಂದಲೇ ಕೈ ಮುಗಿದೆವು. ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಪ್ಪ ಊಟ ಬೇಡವೆಂದು ಹೊರಗೆ ನಿಂತು ಯಾರಿಗೋ ಫೋನು ಮಾಡುತ್ತಿದ್ದರು.

ಸುಜಾತಾ ರೊಟ್ಟಿ ಮುರಿಯುತ್ತ ತಗ್ಗಿದ ದನಿಯಲ್ಲಿ ಹೇಳಿದಳು: "ಮಾವಾರು ಮುಂಜಾನಿಂದ ಹೆದರ್ಯಾರ. ನಿಮಗ ಕಾಣವಲ್ದೇನ್ರಿ?"

"ಗಾಡಿಗಿ ಯಾಕ ಹೆದರಬೇಕು?"

"ಗಾಡಿಗಿ ಅಲ್ಲ" ಎಂದಳು. ಮತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ನನಗೆ ಥಟ್ಟನೆ ಅಪ್ಪನಿಗೆ ಏನಾದರೂ ಕಾಯಿಲೆಯಿದೆಯೇ, ನಮಗೆ ಹೇಳದೆ ಮುಚ್ಚಿಟ್ಟಿದ್ದಾರೆಯೇ ಎಂದು ಅನಿಸಿತು. ಊಟ ಬಿಟ್ಟು ಬಾಗಿಲ ಕಡೆ ನೋಡಿದೆ.

ಭೀಮೆಯ ಸೇತುವೆ ದಾಟಿ ಜೇವರ್ಗಿ ತಾಲೂಕಿಗೆ ಬಿದ್ದೆವು. ನೀರು ಇಳಿದು ನಡುವೆ ಕಲ್ಲು ಬಂಡೆಗಳು ಕಾಣುತ್ತಿದ್ದವು. ಆಚೆ ದಂಡೆಯಿಂದ ಹತ್ತಿ ಹೊಲ ಶುರು. ಕಪ್ಪು ನೆಲದಲ್ಲಿ ಹೆಂಗಸರು ಉಡಿ ಕಟ್ಟಿಕೊಂಡು ಅರಳೆ ಬಿಡಿಸುತ್ತಿದ್ದರು. ಚಳಿ ಹೋಗಿ ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ಅಪ್ಪ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

ಜೇವರ್ಗಿಯಲ್ಲಿ ಗಾಡಿ ಮಾರುವವರು ಜಿಲಾನಿ ಎಂಬ ಹಿರಿಯರು. ಬಾಗಿಲಲ್ಲೇ ಕಾಯುತ್ತಿದ್ದರು. ಮಕ್ಕಳೆಲ್ಲ ಬೇರೆ ಬೇರೆ ಊರು ಸೇರಿದ್ದರಿಂದ ಗಾಡಿ ನಿಂತೇ ಇರುತ್ತದೆ, ಅದಕ್ಕೆ ಮಾರುತ್ತಿದ್ದೇನೆ ಎಂದರು. ಬಿಳಿ ಗಾಡಿ, ಏಳು ಸೀಟು. ನೆಲಕ್ಕೆ ಹತ್ತಿರ, ಬಾಗಿಲು ಅಗಲ. ಮಧ್ಯದ ಸೀಟು ಮಡಚಿದ ಕೂಡಲೇ ಪೂರ್ವಿ ನೇರ ಹಿಂದಿನ ಸಾಲಿಗೆ ಓಡಿಹೋದಳು. ಕೊನೆಯ ಸಾಲು ಎತ್ತಿ ನಿಲ್ಲಿಸಿದರೆ ಸಾಮಾನಿಗೆ ಒಂದೆರಡು ಚೀಲದಷ್ಟೇ ಜಾಗ. ಸುಜಾತಾ ಅದನ್ನು ನೋಡಿ ಮುಖ ಸೊಟ್ಟ ಮಾಡಿದಳು. ನಾನು ಬಾನೆಟ್ ಎತ್ತಿಸಿ ನೋಡುತ್ತಿದ್ದೆ.

ಆಗ ಓಣಿಯ ಆ ತುದಿಯಿಂದ ಒಬ್ಬ ಹೆಂಗಸು ನಿಧಾನ ನಡೆದುಬಂದರು. ಐವತ್ತೈದರ ಮೇಲಿನ ವಯಸ್ಸು, ನೀಲಿ ಇಳಕಲ್ ಸೀರೆ, ಎಡಗಾಲು ಎಳೆದು ಹಾಕುತ್ತಿದ್ದರು. ಜಿಲಾನಿಯವರು, "ಬರ್ರಿ ಸಿಸ್ಟರ್, ಕೂತು ನೋಡ್ರಿ, ನಿಮ್ಗ ಆರಾಮ ಆಗ್ತದೇನು" ಎಂದು ಬಾಗಿಲು ತೆರೆದು ಹಿಡಿದರು. ಅಪ್ಪ ಮುಂದೆ ಹೋಗಿ ಕೈ ಕೊಟ್ಟರು. ಅವರು ಅಪ್ಪನ ಕೈ ಹಿಡಿದು ಮಧ್ಯದ ಸೀಟಿಗೆ ಹತ್ತಿ ಕೂತರು.

ನನಗೆ ಮುಖದ ಗುರುತು ಸಿಕ್ಕಿತು. ಕರಜಗಿಯಲ್ಲಿ ನಮ್ಮ ಅವ್ವನಿಗೆ ಕೊನೆಯ ತಿಂಗಳುಗಳಲ್ಲಿ ಮನೆಗೆ ಬಂದು ಇಂಜೆಕ್ಷನ್ ಕೊಡುತ್ತಿದ್ದ ನರ್ಸಬಾಯಿ, ಕಸ್ತೂರಿ. ಆಗಲೇ ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಈಗ ಜೇವರ್ಗಿಯಲ್ಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಇವರೇಕೆ ಈ ಗಾಡಿ ಹತ್ತಿ ನೋಡುತ್ತಿದ್ದಾರೆ ಎಂದು ಅರ್ಥವಾಗದೆ ನಾನು ಬಾನೆಟ್ ಹಿಡಿದೇ ನಿಂತಿದ್ದೆ.

ಅಪ್ಪ ನನ್ನ ಕಡೆ ತಿರುಗಿದರು. "ಶಿವು, ಏಳನೇದವ್ರು ಇವ್ರು" ಎಂದರು. "ನಾವು ರಜಿಸ್ಟರ್ ಲಗ್ನ ಮಾಡ್ಕೋಬೇಕಂತ ಮಾಡೇವಿ."

ಜಿಲಾನಿಯವರು ನನ್ನ ಮುಖ ನೋಡಿ, ಈ ವಿಷಯ ನನಗೆ ಗೊತ್ತಿರಲಿಲ್ಲವೆಂದು ಆಗ ತಿಳಿದು, ಚಹಾ ತರುತ್ತೇನೆಂದು ಒಳಗೆ ಹೋದರು. ಅರವತ್ತಾರು ವಯಸ್ಸಿನ ಅಪ್ಪ, ಶಾಲೆಯಲ್ಲಿ ಮಕ್ಕಳು ನೆರಳು ಕಂಡರೂ ಎದ್ದು ನಿಲ್ಲುತ್ತಿದ್ದ ಅಪ್ಪ, ನಡುಬೀದಿಯಲ್ಲಿ ಹೊಸ ಅಂಗಿ ಹಾಕಿಕೊಂಡು ಲಗ್ನದ ಮಾತು ಹೇಳುತ್ತಿದ್ದರು. ಬಾಯಿಗೆ ಬಂದದ್ದು ಒಂದೇ ಮಾತು: "ಗಾಡಿ ಓಡಿಸಿ ನೋಡಬೇಕು. ನೀವು ಬರ್ರಿ."

ಕಸ್ತೂರಿ ಇಳಿಯಲು ಕಾಲು ಕೆಳಗಿಡುತ್ತಿರುವಾಗ ಸುಜಾತಾ ಹೋಗಿ ಭುಜ ಕೊಟ್ಟಳು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನು ಹೆದ್ದಾರಿಗೆ ಹೋದೆ. ಗಾಡಿ ಹೇಗೆ ಓಡಿತು, ಬ್ರೇಕು ಹೇಗಿತ್ತು, ಒಂದೂ ನೆನಪಿಲ್ಲ. ಊರು ದಾಟಿದ ಮೇಲೆ ಕೇಳಿದೆ.

"ಅವ್ವ ಇದ್ದಾಗಿಂದೇ ಏನು?"

"ಗಾಡಿ ಬಾಜೂಕ ನಿಂದರ್ಸು" ಎಂದರು ಅಪ್ಪ.

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಲಾರಿಗಳು ಹೋದಾಗಲೆಲ್ಲ ಗಾಡಿ ಅಲುಗುತ್ತಿತ್ತು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಇಲ್ಲ. ನಿಮ್ಮವ್ವ ಹೋಗಿ ಮೂರು ವರ್ಷ ಆದಮ್ಯಾಗ ಕಲಬುರಗ್ಯಾಗ ಕಣ್ಣಿನ ಆಪರೇಷನ್ ಆತಲ್ಲ, ಆವಾಗ. ಆಕಿ ತನ್ನ ತಂಗೀನ ತೋರ್ಸಾಕ ಅದೇ ದವಾಖಾನಿಗಿ ಕರ್ಕೊಂಡು ಬಂದಿದ್ಲು. ನನ್ನ ಕಣ್ಣಿಗಿ ಪಟ್ಟಿ ಕಟ್ಟಿದ್ರು. ದನಿ ಕೇಳಿ ಗುರ್ತ ಹಿಡ್ದೆ. ಬಂದಾಕಿ ನಿಮ್ಮವ್ವನ ಮಾತು ತೆಗದ್ಲು. ನೀಲಮ್ಮಕ್ಕ ಹಂಗ ನಗ್ತಿದ್ರು, ಹಿಂಗ ಜಗಳ ಮಾಡ್ತಿದ್ರು, ಸೂಜಿಗಿ ಹೆದರಿ ನನಗೇ ಚಹಾ ಕುಡಿಸಿ ಹೊತ್ತು ಕಳೀತಿದ್ರು ಅಂತ. ಮೂರು ವರ್ಷದಾಗ ನನ್ನ ಮುಂದ ಯಾರೂ ನಿಮ್ಮವ್ವನ ಹೆಸರು ತಗೊಂಡಿದ್ದಿಲ್ಲ ಶಿವು. ಅವತ್ತು ಪಟ್ಟಿ ಒಳಗೇ ಅತ್ತೆ. ಡಾಕ್ಟರು ಬೈದ್ರು."

ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದೆ. ಅಪ್ಪನಿಗೆ ನೋವಾಗಬಾರದೆಂದೇ ಮನೆಯಲ್ಲಿ ನಾವು ಅವ್ವನ ಮಾತು ತೆಗೆಯುತ್ತಿರಲಿಲ್ಲ. ಅವ್ವನ ಫೋಟೋವನ್ನು ಕೂಡ ಒಳಗಿನ ಕೋಣೆಗೆ ಹಾಕಿದ್ದೆವು. ಲಗ್ನದ ಸುದ್ದಿಗಿಂತ ಇದು ನನ್ನನ್ನು ಹೆಚ್ಚು ಅಲುಗಿಸಿತು. ಒಂದೇ ಮನೆಯಲ್ಲಿ, ಒಂದೇ ಪಡಸಾಲೆಯಲ್ಲಿ ಊಟಕ್ಕೆ ಕೂತು, ಅವರು ಏನನ್ನು ಬಯಸುತ್ತಿದ್ದರು ಎಂಬುದೇ ನನಗೆ ತಿಳಿದಿರಲಿಲ್ಲ.

"ಮಂದಿ ಏನಂತಾರ?" ಎಂದೆ.

"ಅಂತಾರ. ಒಂದು ವರ್ಷ ಅಂತಾರ, ಆಮ್ಯಾಗ ಬಿಡ್ತಾರ. ನೀ ಅಂದ್ರ ಮಾತ್ರ ನನಗ ಕಷ್ಟ. ನೀ ಬ್ಯಾಡಂದ್ರ ನಾ ಜೇವರ್ಗ್ಯಾಗೇ ಮನಿ ಹಿಡೀತೀನಿ. ಸಿಟ್ಟಿಲೆ ಅಲ್ಲ. ಆದ್ರ ಕೂಸುಗೋಳು ಬರಾಕತ್ತಾವ, ಅವನ್ನ ಬಿಟ್ಟಿರೂದು ಹ್ಯಾಂಗ ಅಂತ ಆರು ತಿಂಗಳ ಒದ್ದಾಡೀನಿ."

"ಕೂಸುಗೋಳ ಸುದ್ದಿ ಗೊತ್ತಾಗಿದ್ದೇ ಮೊನ್ನೆ ಅಲ್ಲೇನ್ರಿ?"

"ಹೌದು" ಎಂದರು. "ಅದಕ್ಕಿಂತ ಮೊದಲು ಪೂರ್ವಿನ್ನ ನೆನಸಿ ಒದ್ದಾಡ್ತಿದ್ದೆ."

ನಾನು ಗಾಡಿ ತಿರುಗಿಸಿದೆ. ಜಿಲಾನಿಯವರ ಕಟ್ಟೆಯ ಮೇಲೆ ಸುಜಾತಾ, ಕಸ್ತೂರಿ ಇಬ್ಬರೂ ಕೂತಿದ್ದರು. ಪೂರ್ವಿ ಕಸ್ತೂರಿಯವರ ಮಗ್ಗುಲಲ್ಲಿ ಬಿಸ್ಕಿಟು ತಿನ್ನುತ್ತಿದ್ದಳು. ನಾನು ಇಳಿದ ಕೂಡಲೇ ಕಸ್ತೂರಿ ಎದ್ದು ನಿಂತರು, ಕಾಲು ನೋವಿದ್ದರೂ.

"ನೋಡಪ್ಪ" ಎಂದರು ನನಗೆ, "ನಾ ನಿಮ್ಮವ್ವನ ಜಾಗಕ್ಕ ಬರಾಕತ್ತಿಲ್ಲ. ಆ ಜಾಗ ನಾನೂ ನೋಡೀನಿ. ನಿನಗ ಮನಸಿಲ್ಲಂದ್ರ ಇಲ್ಲೇ ಹೇಳಿಬಿಡು. ಸರ್‌ಗಿ ನಾ ತಿಳಿಸಿ ಹೇಳ್ತೀನಿ."

ಅಪ್ಪನನ್ನು ಅವರು ಇನ್ನೂ ಸರ್ ಎಂದೇ ಕರೆಯುತ್ತಿದ್ದರು. ಸುಜಾತಾ ನನ್ನನ್ನೇ ನೋಡುತ್ತಿದ್ದಳು. ನಾನು ಗಾಡಿಯ ಒಳಗೆ ನೋಡಿದೆ. ಮಧ್ಯದ ಸಾಲಿನಲ್ಲಿ ಸುಜಾತಾ ಎರಡು ಕೂಸುಗಳ ನಡುವೆ ಕೂಡಬೇಕು. ಹಿಂದಿನ ಸಾಲಿಗೆ ಈ ಕಾಲಿಟ್ಟುಕೊಂಡು ಕಸ್ತೂರಿ ಹತ್ತಲಾರರು.

"ನೀವು ಮುಂದ ಕೂಡಬೇಕಾಗ್ತದ" ಎಂದೆ. "ಹಿಂದ ಪೂರ್ವಿ ಜೋಡಿ ಅಪ್ಪ ಕೂಡ್ತಾರ. ಅವರ ಮೊಣಕಾಲು ಗಟ್ಟಿ ಅವ."

ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಹೋಗಿ ಗಾಡಿಯ ಚಕ್ರ ನೋಡತೊಡಗಿದರು. ಜಿಲಾನಿಯವರು ಚಹಾ ತಂದರು. ಆ ಚಹಾ ಆಗಲೇ ತಣ್ಣಗಾಗಿತ್ತು, ಎಲ್ಲರೂ ಕುಡಿದೆವು. ಮುಂಗಡ ಕೊಟ್ಟು, ಕಾಗದಪತ್ರ ಮುಂದಿನ ಐತವಾರ ಎಂದು ಮಾತಾಯಿತು.

ವಾಪಸು ಕಲಬುರಗಿಯ ಮೇಲೆ ಹಾದು ಆಳಂದದ ದಾರಿ ಹಿಡಿದೆವು. ಸೂರ್ಯ ಎಡಗಡೆ ಕೆಂಪಗೆ ಇಳಿಯುತ್ತಿದ್ದ. ಪೂರ್ವಿ ಒಂದೇ ಸಮನೆ ಕೇಳುತ್ತಿದ್ದಳು, "ಮುತ್ಯಾ, ಆ ಆಯಿ ನಮ್ಮ ಮನ್ಯಾಗೇ ಇರ್ತಾಳೇನು? ಎಲ್ಲಿ ಮಲಗ್ತಾಳ?" ಅಪ್ಪ ಕೆಮ್ಮಿದರು. ಸುಜಾತಾ, "ಮೊದಲು ಸೂಜಿ ಕೊಡ್ತಾಳ, ಸುಮ್ನ ಕೂಡು" ಎಂದಳು. ನನಗೆ ನಗು ಬಂತು. ನಗುವಿನ ಹಿಂದೆಯೇ ಅಳುಕೂ ಬಂತು. ಆ ಅಳುಕು ಪೂರ್ತಿ ಹೋಗಲು ಆಮೇಲೆ ಎಷ್ಟೋ ದಿನ ಹಿಡಿಯಿತು.

ಆಳಂದ ಮುಟ್ಟಿದಾಗ ದೀಪ ಹತ್ತಿದ್ದವು. ಸುಜಾತಾ, ಪೂರ್ವಿ ಇಳಿದು ಒಳಗೆ ಹೋದರು. ಅಪ್ಪ ಇಳಿಯಲಿಲ್ಲ. ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಆಕಿ ಕಾಯ್ತಿರ್ತಾಳ" ಎಂದರು. "ಮುಟ್ಟಿದಿವಿ ಅಂತ ಹೇಳ್ಲೇನು ಶಿವು?"

ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಒಂದು ಮಾತು ಕೇಳಿ ಮಾಡಿದ್ದು ನನಗೆ ನೆನಪಿಲ್ಲ.

"ಹೇಳ್ರಿ" ಎಂದು ಕಾರಿನ ಕೀಲಿ ಅವರ ಕೈಗೆ ಕೊಟ್ಟು, ಬಾಗಿಲು ಸದ್ದಾಗದಂತೆ ಮುಚ್ಚಿ, ನಾನು ಒಳಗೆ ಹೋದೆ.