ಟೇಪಿನಡಿಯ ಒಂದಕ್ಷರ

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಇರುವೆ ಎಂದೇ ಕರೆಯುತ್ತಿದ್ದೆವು. ಹರಿದ ಬಟ್ಟೆಗೆ ಅವಳು ರಫೂ ಹಾಕಿದರೆ, ಹರಿದದ್ದೆಲ್ಲಿ ಎಂದು ಕೊಟ್ಟವರೇ ಹುಡುಕಬೇಕು. ಆ ಕೈಯನ್ನು ನೋಡಿಯೇ ವಸ್ತುಸಂಗ್ರಹಾಲಯದವರು ಕೆಲಸಕ್ಕೆ ಕರೆದುಕೊಂಡರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನೂ ಅವಳ ಮನೆಗೇ ಬಂದೆ.

ಅವಳ ಕೆಲಸ ಟೇಪು ಬಿಡಿಸುವುದು. ನಗಬೇಡಿ. ಎರಡು ಸಾವಿರ ವರ್ಷದ ಹಿಂದೆ ಯಾರೋ ಹೀಬ್ರೂ ಧರ್ಮಗ್ರಂಥವನ್ನು ಕುರಿ ಮೇಕೆಗಳ ಚರ್ಮದ ಮೇಲೆ ಬರೆದು ಸುರುಳಿ ಸುತ್ತಿದ್ದರಂತೆ. ಒಣನಾಡಿನ ಗವಿಗಳಲ್ಲಿ ಸಿಕ್ಕಾಗ ಬಹುಪಾಲು ಚೂರುಚೂರಾಗಿತ್ತು. ಅಲ್ಲಿಯವರೆಗೆ ಜನರ ಕೈಯಲ್ಲಿದ್ದ ಪೂರ್ತಿ ಹೀಬ್ರೂ ಪ್ರತಿ ಅದಕ್ಕಿಂತ ಸಾವಿರ ವರ್ಷ ಈಚಿನದು.

"ಅಷ್ಟು ವರ್ಷ ನಕಲು ಮಾಡೋರ ಕೈಯಲ್ಲಿ ಏನು ಉಳೀತು, ಏನು ಬದಲಾಯ್ತು ಅಂತ ಈ ಚೂರುಗಳೇ ಹೇಳ್ಬೇಕು ಅಕ್ಕ," ಎನ್ನುತ್ತಿದ್ದಳು.

ಮೊದಲು ಜೋಡಿಸಿದ ಪಂಡಿತರು ಚೂರುಗಳಿಗೆ ಮಾಮೂಲಿ ಅಂಟುಟೇಪು ಹಚ್ಚಿಬಿಟ್ಟಿದ್ದರು. ಆ ಕಾಲಕ್ಕೆ ಅದೇ ದೊಡ್ಡ ಉಪಾಯ. ವರ್ಷ ಕಳೆದಂತೆ ಅಂಟು ಚರ್ಮದೊಳಕ್ಕೆ ಇಳಿದು ಕಪ್ಪಾಯಿತು. ಮದ್ದೇ ರೋಗವಾಯಿತು.

ಬಿಡಿಸಲು ಇಬ್ಬರು ಬೇಕು. ಒಬ್ಬಳ ಕೈ, ಇನ್ನೊಬ್ಬಳ ಕಣ್ಣು. ಭೂತಗನ್ನಡಿಯಲ್ಲಿ ನೋಡುವವಳು "ಸಾಕು" ಎಂದರೆ ಕೈಯವಳು ನಿಲ್ಲಿಸಲೇಬೇಕು, ಎದುರು ಮಾತಿಲ್ಲ. ಇರುವೆಯ ಜೊತೆಗಾತಿ ಹಿರಿಯಳು. ಎಲ್ಲದರಲ್ಲೂ ಹುಳುಕು ತೆಗೆಯುತ್ತಾಳೆಂದು ಇವಳು ಬೆನ್ನ ಹಿಂದೆ ಇಟ್ಟ ಹೆಸರು ಅತ್ತೆ.

ಆ ಚಳಿಗಾಲ ಇರುವೆಯ ಬಲಗೈ ನಡುಗತೊಡಗಿತು. ಚಹಾದ ಕಪ್ ಸಾಸರಿನ ಮೇಲೆ ಕಟಕಟ ಎಂದಾಗ ನನಗೆ ಗೊತ್ತಾಯಿತು.

"ಏನೇ ಅದು?"

"ಚಳಿ ಅಕ್ಕ."

"ಅದ್ಯಾವ ಚಳಿಯೇ, ಬರೀ ಬಲಗೈಗೆ ಆಗೋದು?"

ಆಗ ಬಾಯಿ ಬಿಟ್ಟಳು. ಮರುದಿನ ಬಿಡಿಸಬೇಕಾದದ್ದು ಹೆಬ್ಬೆರಳಿನ ಉಗುರಿನಷ್ಟು ಚೂರು. ಟೇಪಿನಡಿ ಒಂದೇ ಅಕ್ಷರ. ಈಗಿನ ಗ್ರಂಥದಲ್ಲಿರುವುದೇ ಅಲ್ಲಿದೆಯೋ, ಬೇರೆಯೋ ಎಂದು ನೋಡಲು ದೂರದ ಪಂಡಿತರೊಬ್ಬರು ಬಂದು ಕಾಯುತ್ತಿದ್ದರು. ಕೈ ಅಲುಗಿದರೆ ಮಸಿ ಟೇಪಿನ ಜೊತೆಗೇ ಎದ್ದುಬರುತ್ತದೆ. ಮತ್ತೆ ಬರೆಯುವವರು ಯಾರು?

"ಮ್ಯೂಸಿಯಮ್ಮಿನೋರಿಗೆ ಹೇಳಿಬಿಡೇ."

"ಹೇಳಿ? ನಾಳೆಯಿಂದ ಮನೇಲಿ ನಿನ್ನ ಮುಖ ನೋಡ್ಕೊಂಡು ಕೂರ್ಲಾ?"

ಬೆಳಿಗ್ಗೆ ಏನೂ ತಿನ್ನದೆ ಹೋದಳು. ಊಟದ ಡಬ್ಬಿಯ ನೆಪ ಮಾಡಿಕೊಂಡು ನಾನೂ ಹಿಂದೆಯೇ ಹೋದೆ. ಓಣಿಯ ಬೆಂಚಿನಿಂದ ಗಾಜಿನ ಆಚೆಗೆ ಎಲ್ಲ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಇರುವೆ ಚಿಮಟದಲ್ಲಿ ಟೇಪಿನ ತುದಿ ಹಿಡಿದು, ಅಡಿಯಲ್ಲಿ ಸಣ್ಣ ಅಲಗು ಆಡಿಸುತ್ತಿದ್ದಳು. ಅತ್ತೆಯ ಕಣ್ಣು ಚರ್ಮದ ಮೇಲೆ. ಪಂಡಿತರು ಹಿಂದೆ ನಿಂತಿದ್ದರು.

ಅರ್ಧ ಎದ್ದಿತ್ತು. ಆಗ ಇರುವೆಯ ಮೊಣಕೈ ನಡುಗಿದ್ದು ನನಗೆ ಕಂಡಿತು. ಗಾಜು ಬಡಿಯೋಣವೆಂದರೆ ಆ ಸದ್ದಿಗೇ ಬೆಚ್ಚಿಬಿಟ್ಟಾಳು. ಬಾಯಿಗೆ ಸೆರಗು ತುರುಕಿಕೊಂಡೆ.

"ಸಾಕು," ಎಂದಳು ಇರುವೆ.

"ನಾನು ಹೇಳ್ಲೇ ಇಲ್ವಲ್ಲೇ!" ಅತ್ತೆ ಗದರಿದಳು.

"ನಾನು ಹೇಳ್ತಿದೀನಿ. ಕೈ ನಡುಗ್ತಿದೆ. ಬಿಟ್ರೆ ಟೇಪು ಮತ್ತೆ ಕೂತ್ಕೊಳ್ಳತ್ತೆ. ನೀವು ಹಿಡ್ಕೊಳ್ಳಿ."

"ಇದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ಧಾಡಿ?" ಎನ್ನುತ್ತಲೇ ಅತ್ತೆ ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಚಿಮಟ ಹಿಡಿದುಕೊಂಡಳು. ಇರುವೆ ಮೆಲ್ಲನೆ ಕೈ ಎಳೆದುಕೊಂಡು, ಅಲಗನ್ನೂ ಅವಳಿಗೆ ಕೊಟ್ಟು, ಭೂತಗನ್ನಡಿಗೆ ಕಣ್ಣಿಟ್ಟಳು. ಅವಳು ಎರಡು ಸಲ "ಸಾಕು" ಎಂದಳು, ಅತ್ತೆ ಎರಡು ಸಲವೂ ಎದುರಾಡದೆ ಕೈ ನಿಲ್ಲಿಸಿದಳು. ಟೇಪು ಬಂತು. ಅಕ್ಷರ ಚರ್ಮದ ಮೇಲೇ ಉಳಿಯಿತು.

ಪಂಡಿತರು ಬಾಗಿ ಬಹಳ ಹೊತ್ತು ನೋಡಿದರು. "ಪುಸ್ತಕದಲ್ಲಿ ಇರೋದೇ," ಎಂದರು. ಸಂತೋಷವೋ ನಿರಾಸೆಯೋ ಅವರಿಗೇ ತಿಳಿದಂತಿರಲಿಲ್ಲ.

ಕೆಲಸ ಹೋಗಲಿಲ್ಲ. ಅಂದಿನಿಂದ ಇರುವೆ ಕಣ್ಣಿನ ಕುರ್ಚಿಗೆ ಬಂದಳು. ಇನ್ನಾದರೂ ಹೊಟ್ಟೆತುಂಬ ಉಣ್ಣುತ್ತಾಳೆ ಎಂದುಕೊಂಡರೆ, ಸಂಜೆ ತಟ್ಟೆಯ ಮುಂದೆ ಹಾಗೇ ಕೂತಿರುತ್ತಾಳೆ.

"ಈಗಿನ್ನೇನೇ ಚಿಂತೆ?"

"ಮೊದ್ಲು ನನ್ನ ಬೆರಳಿಗೇ ಗೊತ್ತಾಗ್ತಿತ್ತು ಅಕ್ಕ. ಈಗ ಇನ್ನೊಬ್ರ ಬೆರಳು ಎಲ್ಲಿ ತಪ್ಪತ್ತೆ ಅಂತ ಮೊದ್ಲೇ ಹೇಳ್ಬೇಕು. ಗಳಿಗೆ ತಡವಾದ್ರೆ ಅಕ್ಷರ ಹೋಯ್ತು."